ಗ್ರನಾಡಾ ಕುರಿತು ಮಾತಾಡಿದ ಸಂಜೆ

"ಮಚ್ಛೇಂದ್ರ ಸರ್ ಖೋಲಿ ಖಾಲಿ ಮಾಡಿದ್ರಲ್ಲ ಬೇಟಿ. ಹಾಸಿಗಿ, ಭಾಂಡಿ ಎಲ್ಲಾ ಮುಂಜಾನೆ ಪುಣೆ ಬಸ್ಸಿಗಿ ಹಾಕಿದ್ರು."

ಮಚ್ಛೇಂದ್ರನ ಮನೆಯೊಡತಿ ಅಕ್ತರಬೀ ಹೇಳಿದ ಮಾತಿಗೆ ಕಸ್ತೂರಿ ಅವನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಇಣುಕಿದಳು; ಒಳಗೆ ಬರೀ ನೆಲ.

ಭಾಲ್ಕಿಯ ಕಾಲೇಜಿನಲ್ಲಿ ಅವಳು ಕನ್ನಡ ಕಲಿಸುತ್ತಿದ್ದಳು, ಅವನು ಇತಿಹಾಸ. ಬರಗಾಲದ ಎರಡನೇ ಬೇಸಿಗೆ ಅದು. ಸಂತಪುರದ ಅವನ ಮನೆಯವರು ಕೆಲಸ ಹುಡುಕಿಕೊಂಡು ಪುಣೆಗೆ ಹೋಗಿದ್ದರು. 'ನೀನೂ ಬಾ' ಎಂದು ಅವನ ಅವ್ವ ಜಿಜಾಬಾಯಿ ದಿನಾ ಫೋನ್ ಮಾಡುತ್ತಿದ್ದರು. ಆದರೂ ಒಂದು ಮಾತು ಹೇಳದೆ ಹೋಗುವುದೇ? ಲಿಸ್ಬನ್, ಗ್ರನಾಡಾ, ಫ್ಲಾರೆನ್ಸ್ ನಗರಗಳ ಬಗ್ಗೆ ಇಬ್ಬರೂ ತಿಂಗಳುಗಟ್ಟಲೆ ಕೂತು ಓದಿದ್ದರು. ಇವತ್ತು ಸಂಜೆ ಬೀದರಿನ ಗ್ರಂಥಾಲಯದಲ್ಲಿ ಆ ಕುರಿತು ಜೊತೆಯಾಗಿ ಭಾಷಣ ಮಾಡಬೇಕಿತ್ತು. ಸ್ಲೈಡ್ ಜೋಡಿಸುವಾಗ ಅವನು ಚಿತ್ರ ಬಿಟ್ಟು ತನ್ನನ್ನೇ ನೋಡುತ್ತಿದ್ದದ್ದು, ಸಿಕ್ಕಿಬಿದ್ದಾಗ ಸುಮ್ಮನೆ ಕನ್ನಡಕ ಒರೆಸುತ್ತಿದ್ದದ್ದು, ಎಲ್ಲಾ ಸುಳ್ಳೇ?

ಅವನ ಫೋನ್ ಬಂದ್ ಇತ್ತು. ಒಬ್ಬಳೇ ಬೀದರ ಬಸ್ಸು ಹತ್ತಿದಳು. ಸಂಜೆ ಗ್ರಂಥಾಲಯದಲ್ಲಿ ಒಬ್ಬಳೇ ಭಾಷಣಕ್ಕೆ ನಿಂತಳು.

"ಸ್ಪೇನಿನ ಗ್ರನಾಡಾದ ಅರಮನೆಯ ಗೋಡೆಗಳ ಮೇಲೆ ಅರಬ್ಬಿ ಕವಿತೆ ಕೆತ್ತಿದ್ದಾರೆ. ನಮ್ಮ ಕೋಟೆಯ ರಂಗೀನ ಮಹಲಿನ ಬಾಗಿಲ ಮೇಲೂ ಪರ್ಷಿಯನ್ ಕವಿತೆಯ ಸಾಲುಗಳಿವೆ. ಅಷ್ಟು ದೂರದ ಎರಡು ಊರು, ಕಲ್ಲಿಗೂ ಮಾತು ಕೊಡುವ ಒಂದೇ ಆಸೆ..."

ನೀರು ಕುಡಿದು ತಲೆ ಎತ್ತಿದರೆ, ಹಿಂದಿನ ಬೆಂಚಿನಲ್ಲಿ ಮಚ್ಛೇಂದ್ರ! ಪಕ್ಕದಲ್ಲಿ ಭಾಲ್ಕಿಯ ಕಿರಾಣಿ ದುಕಾನು ಮುಚ್ಚಿ ಬಂದ ಅವಳಪ್ಪ ಶಿವರಾಜಪ್ಪ!

ಭಾಷಣ ಹೇಗೆ ಮುಗಿಸಿದಳೋ ಅವಳಿಗೇ ತಿಳಿಯದು. ವರಾಂಡದಲ್ಲಿ ಅವನೆದುರು ನಿಂತಳು.

"ಪುಣೆಗ ಹೋದ್ರಿ ಅಂತ ತಿಳ್ಕೊಂಡಿದ್ದೆ. ಫೋನ್ ಯಾಕ ಬಂದ್ ಇಟ್ಟೀರಿ?"

"ನಿಮ್ಮ ದನಿ ಕೇಳಿದ್ರ ಧೈರ್ಯ ಹೋಗ್ತದಂತ. ನಿಮ್ಮಪ್ಪಾರ ದುಕಾನಕ್ಕ ಹೋಗಿದ್ದೆರಿ, ನಿಮ್ಮನ್ನ ನನಗ ಕೊಡ್ರಿ ಅಂತ ಕೇಳ್ಲಾಕ. ಅವರು ಇಲ್ಲ ಅಂದಿದ್ರ ನಾ ಭಾಲ್ಕ್ಯಾಗ ಇರೂದು ಆಗ್ತಿರ್ಲಿಲ್ಲ. ಅದಕ್ಕ ಸಾಮಾನು ಮದಲ ಕಳಿಸಿದೆ."

"ಏನಂದ್ರು?"

"ಯಾವ ಜಾತಿ ಮಂದಿ ಅಂದ್ರು. ಬೌದ್ಧರು ಅಂದೆ. ತಕ್ಕಡಿ ಕೆಳಗಿಟ್ಟು ಗೋಡಿ ಕಡಿ ನೋಡಿದ್ರು. ಆಮ್ಯಾಲ, 'ದುಕಾನದಾಗ ಬಸವಣ್ಣನ ಫೋಟೋ ಇಟ್ಕೊಂಡು ನಿನಗ ಇಲ್ಲ ಅನ್ಲಾಕ ನನಗ ಬಾಯಿ ಬರವಲ್ದು' ಅಂದ್ರು."

ಕಸ್ತೂರಿ ಕಂಬಕ್ಕೆ ಒರಗಿದಳು. ಬೆಳಗಿನಿಂದ ಹಿಡಿದಿಟ್ಟ ಉಸಿರು ಈಗ ಹೊರಬಿತ್ತು. ಹಿಂದೆಯೇ ಸಣ್ಣ ಸಿಟ್ಟೂ ಬಂತು.

"ನಮ್ಮಪ್ಪಗ ಕೇಳೀರಿ. ನನಗ ಯಾರು ಕೇಳೂರು?"

ಬಾಗಿಲಲ್ಲಿ ನಿಂತಿದ್ದ ಶಿವರಾಜಪ್ಪ ಇಲ್ಲದ ಕೆಮ್ಮು ಕೆಮ್ಮಿ ಒಳಗೆ ಸರಿದರು.

ಮಚ್ಛೇಂದ್ರನ ಕಿವಿ ಕೆಂಪಾದವು. "ಈಗ ಕೇಳ್ತೇನಿ. ಕಸ್ತೂರಿ, ನನ್ನ ಜೋಡಿ..."

"ಹೂಂರಿ," ಅಂದಳು, ಅವನ ಮಾತು ಮುಗಿಯಲು ಬಿಡದೆ.