ಒಣಗಿದ ಮೇಲೆ ಮೂಡಿದ ಗೆರೆ

"ಯಾರದು?"

ಹೊಲಿಗೆ ಯಂತ್ರಗಳ ಸದ್ದನ್ನೂ ಸೀಳಿಕೊಂಡು ಆ ಮಾತು ಅವಳ ಎದೆಗೆ ನಾಟಿತು.

ಕೇಳಿದವನು ಕಾರ್ಖಾನೆಯ ಮೆಕ್ಯಾನಿಕ್. ಕೆಡದ ಯಂತ್ರವನ್ನೂ ರಿಪೇರಿ ಮಾಡುವ ನೆಪದಲ್ಲಿ ಅವಳ ಪಕ್ಕ ಸುಳಿದಾಡುತ್ತಿದ್ದವನು. ಪ್ರೀತಿ ಅಂತ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ... ಆದರೆ ಅವಳಿಗೆ ಗೊತ್ತಿತ್ತು. ಹೊಲಿಗೆಯವರ ಇಡೀ ಸಾಲಿಗೇ ಗೊತ್ತಿತ್ತು!

ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಕತ್ತರಿ' ಅಂತ. ಆ ನಾಲಿಗೆಗೆ ತಕ್ಕ ಹೆಸರು.

ಇಲ್ಲಿ ಕೆಲಸ ಕಾಯಂ ಆಗಬೇಕಾದ ಹೆಂಗಸರೆಲ್ಲ ಸರದಿ ಪ್ರಕಾರ ಬಟ್ಟಲಲ್ಲಿ ಮೂತ್ರ ಕೊಡಬೇಕು. ಬಸುರಿ ಅಂತಾದರೆ ಮನೆಗೆ! ಮೇಲ್ವಿಚಾರಕ ಅದರಲ್ಲಿ ಬಸುರು ಪರೀಕ್ಷೆಯ ಸ್ಟ್ರಿಪ್‌ಗಳನ್ನು ಅದ್ದಿ ತಟ್ಟೆಯಲ್ಲಿಟ್ಟು, ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು ಬಂದು ನೋಡುತ್ತಿದ್ದ. ಇವತ್ತು ಅವಳ ಸ್ಟ್ರಿಪ್‌ನಲ್ಲಿ ಬಸುರಿ ಅನ್ನುವ ಎರಡನೇ ಗೆರೆ.

"ನಾಳೆಯಿಂದ ಬರಬೇಡ," ಅಂದಿದ್ದ.

ಅದನ್ನು ತಡೆದುಕೊಂಡಿದ್ದಳು. ಆದರೆ ಬಸುರು ಯಾರದು ಅಂತ ಇವನೂ...!

"ಇಲ್ಲ ಅಂದ್ರೆ ನೀನು ನಂಬೋದಿಲ್ಲ," ಅಂದಳು. "ಹೌದು ಅಂದಿದ್ರೂ ಕೇಳೋ ಹಕ್ಕು ನಿನಗಿಲ್ಲ. ಆಚೆ ನಡಿ!"

ಅವನು ತಲೆತಗ್ಗಿಸಿ ಹೋದ. ಅವಳು ಕಣ್ಣೊರೆಸಿಕೊಂಡು, ಮೇಲ್ವಿಚಾರಕನ ಕಸದ ಬುಟ್ಟಿಯಿಂದ ಸ್ಟ್ರಿಪ್‌ನ ಖಾಲಿ ಪ್ಯಾಕೆಟ್ ಎತ್ತಿಕೊಂಡಳು. ಪಕ್ಕದ ಯಂತ್ರದ ಅಕ್ಕನಿಗೆ ಕೇಳುವಂತೆ ಓದಿದಳು.

"ಕೇಳಕ್ಕಾ. ಗರ್ಭ ನಿಂತ ಮೇಲೆ ಮೈಯಲ್ಲಿ ಒಂದು ಹಾರ್ಮೋನು ಹುಟ್ಟುತ್ತಂತೆ. ಅದು ಮೂತ್ರಕ್ಕೆ ಬಂದ್ರೆ ಎರಡನೇ ಗೆರೆ. ಮುಟ್ಟು ತಪ್ಪಿದ ಮೇಲೆ ನೋಡಬೇಕು. ಬೆಳಗಿನ ಮೊದಲನೇದಾದ್ರೆ ಒಳ್ಳೇದು."

"ಅಯ್ಯೋ, ನಾವು ಹೆದರಿ ಚೊಂಬುಗಟ್ಟಲೆ ನೀರು ಕುಡಿದು ಮಧ್ಯಾಹ್ನ ಕೊಡ್ತೀವಲ್ಲೇ!"

"ನಂದು ಮುಟ್ಟು ಮುಗಿದು ವಾರ ಆಗಿಲ್ಲ. ಇಲ್ನೋಡು... ಐದೇ ನಿಮಿಷದಲ್ಲಿ ಗೆರೆ ನೋಡಬೇಕು. ಒಣಗಿದ ಮೇಲೆ ಮೂಡೋ ಗೆರೆ ಲೆಕ್ಕಕ್ಕಿಲ್ಲ!"

ಅಕ್ಕ ಬಾಯಿಗೆ ಕೈಯಿಟ್ಟಳು. ಹಾಗಾದರೆ ಇಷ್ಟು ವರ್ಷ ಮನೆಗೆ ಹೋದವರು...?

ಸಂಜೆ ಗೇಟಿನ ಬಳಿ ಮೆಕ್ಯಾನಿಕ್ ಕಾಯುತ್ತಿದ್ದ. "ತಪ್ಪಾಯ್ತು..."

"ಬಾಯಿಮಾತು ಸಾಲದು. ನಾಳೆ ಬಟ್ಟಲು ತುಂಬಿಸಿಕೊಡು."

"ನಾನಾ?!"

"ನೀನೇ!"

"ಹೋಗಪ್ಪ ಹೋಗು," ಜೊತೆಗಿದ್ದ ಅಕ್ಕ ನಕ್ಕಳು, "ನಾಚಿಕೆ ಏನಂತ ನಿನಗೂ ಗೊತ್ತಾಗಲಿ."

ಮರುದಿನ ಅವಳು ಬಂದೇ ಬಂದಳು. ಬರಬೇಡ ಅಂದರೆ ಬರದಿರುವ ಜಾಯಮಾನ ಅವಳದಲ್ಲ. ಆ ದಿನ ಸರದಿಯಿದ್ದ ಹೆಂಗಸರ ಬಟ್ಟಲುಗಳಲ್ಲೆಲ್ಲ ಇದ್ದದ್ದು ಮೆಕ್ಯಾನಿಕ್‌ನದೇ.

ಮೇಲ್ವಿಚಾರಕ ಎಂದಿನಂತೆ ನಿದ್ದೆ ಮುಗಿಸಿ ಬಂದ. ಹೆಚ್ಚಿನ ಸ್ಟ್ರಿಪ್‌ಗಳು ಬರಿದಾಗಿದ್ದವು. ಒಂದರಲ್ಲಿ ಮಾತ್ರ... ಮಾಸಿದ ಬೂದು ಗೆರೆ!

"ಈ ಬಟ್ಟಲು ಕೊಟ್ಟವಳು ಎದ್ದು ನಿಲ್ಲಲಿ!"

ಮೆಕ್ಯಾನಿಕ್ ಮುಂದೆ ಬಂದ. ಕಿವಿಯವರೆಗೂ ಕೆಂಪಾಗಿದ್ದ. "ನಾನು ಸಾರ್. ಬಸುರಿ ಅಂತ ನನ್ನನ್ನೂ ಮನೆಗೆ ಕಳಿಸಿ."

ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಮೇಲ್ವಿಚಾರಕನ ಮುಖ ಸುಟ್ಟ ಬದನೆಕಾಯಿ.

ಅವಳು ಮಾತ್ರ ನಗಲಿಲ್ಲ.

"ಗೆರೆ ಸುಳ್ಳು ಅಂತ ಗೊತ್ತಾಯ್ತಲ್ಲ? ಈಗ ಇನ್ನೊಂದು ಮಾತು. ಗೆರೆ ನಿಜವಾಗಿದ್ರೂ ನಮ್ಮ ಹೊಟ್ಟೆ ನಿಮ್ಮ ಗೋದಾಮಲ್ಲ, ಬೇಕಾದಾಗ ಬಾಗಿಲು ತೆಗೆದು ನೋಡೋಕೆ! ಬಸುರಾಗೋದು ಕಳ್ಳತನವೂ ಅಲ್ಲ. ಇನ್ಮುಂದೆ ಯಾರೂ ಬಟ್ಟಲು ಮುಟ್ಟೋದಿಲ್ಲ. ಮನೆಗೆ ಹೋದವರನ್ನೂ ವಾಪಸ್ ಕರೀರಿ."

ಅಕ್ಕ ಯಂತ್ರ ನಿಲ್ಲಿಸಿದಳು. ಆಮೇಲೆ ಪಕ್ಕದವಳು. ನೋಡನೋಡುತ್ತಿದ್ದಂತೆ ಇಡೀ ಕಾರ್ಖಾನೆ ಗಪ್‌ಚಿಪ್!

"ಮೇಲಿನವರ ಹತ್ರ... ಮಾತಾಡ್ತೀನಿ," ಮೇಲ್ವಿಚಾರಕ ತೊದಲಿದ. "ನೀನು ಕೂತ್ಕೋ. ಕೆಲಸ ಮಾಡು."

"ಅವರ ಉತ್ತರ ಬಂದ ಮೇಲೆ ಮಾಡ್ತೀವಿ," ಅಂದಳು.

ಉತ್ತರ ಸಂಜೆಯ ಹೊತ್ತಿಗೆ ಬಂತು. ಬಟ್ಟಲುಗಳು ಹೋದವು. ಹಳಬರನ್ನು ಕರೆಸುವ ಮಾತು ಮಾತ್ರ ಇನ್ನೂ ಬಾಕಿ.

"ಅದನ್ನೂ ಬಿಡೋದಿಲ್ಲ," ಗೇಟು ದಾಟುತ್ತ ಅವಳೆಂದಳು.

"ಗೊತ್ತು." ಪಕ್ಕದಲ್ಲಿದ್ದ ಮೆಕ್ಯಾನಿಕ್ ನಿಂತ. "ನಿನ್ನ ಕಂಡ್ರೆ ನನಗೆ ಪ್ರಾಣ. ನಿನ್ನೆ ನಿನಗಿಂತ ಆ ಕಾಗದದ ಚೂರನ್ನೇ ಹೆಚ್ಚು ನಂಬಿದೆ... ಛೇ!"

"ಮತ್ತೆ ಅನುಮಾನ ಬಂದ್ರೆ?"

"ನಿನ್ನನ್ನೇ ಕೇಳ್ತೀನಿ. ನೀನು ಹೇಳಿದ್ದೇ ಕೊನೆ."

"ಹೇಳೋಕೆ ನನಗೆ ಮನಸ್ಸಿಲ್ಲದಿದ್ರೆ?"

"ಸುಮ್ಮನೆ ಪಕ್ಕದಲ್ಲಿ ನಡೀತೀನಿ."

ಅವಳ ತುಟಿಯಂಚು ಕೊನೆಗೂ ಸಡಿಲವಾಯಿತು.

"ನಡಿ ಮತ್ತೆ," ಅಂದಳು.