ಗೆರೆಯ ಮೇಲೆ ಎರಡು ದಿಬ್ಬ

"ಕೈ ತೆಗೀರಿ ಅಲ್ಲಿಂದ!"

ಸೇತುವೆಯ ಕಂಬಿಗೆ ಹೊಟ್ಟೆಯೂರಿ, ಅರ್ಧ ಮೈಯನ್ನು ನದಿಯ ಮೇಲೆ ಚಾಚಿದ್ದವನು ಬೆಚ್ಚಿ ತಿರುಗಿದ. ಅವನ ಕೈ ಇನ್ನೂ ಆ ಬಿಳಿ ಪೆಟ್ಟಿಗೆಯ ಕೆಳಗೇ ಇತ್ತು.

ಕೂಗಿದವಳಿಗೆ ಓಡಿ ಬಂದಿದ್ದರಿಂದ ಏದುಸಿರು.

"ಅದೇನು ಆಟದ ಸಾಮಾನಾ? ನದಿ ಎಷ್ಟು ಏರಿದೆ ಅಂತ ಹೇಳೋ ಸೆನ್ಸರ್ ಅದು! ದಿನಾ ಸಾಯಂಕಾಲ ಇಲ್ಲಿಂದ ನಮಗೆ ಸುಳ್ಳು ಸುದ್ದಿ ಬರ್ತಿದೆ. ಸೈರನ್ ಕೂಗದ ಹಾಗೆ ತಡೆಯೋದೇ ನನಗೆ ಕೆಲಸ ಆಗಿದೆ. ನೀವೇ ಅಲ್ವಾ ಮಾಡ್ತಿರೋದು?"

ಅವನು ನಿಧಾನವಾಗಿ ಕೈ ಹಿಂದಕ್ಕೆ ತೆಗೆದ. ಬೆರಳ ತುದಿಗಳಲ್ಲಿ ಒಣಗಿದ ನೀಲಿ ಬಣ್ಣ. ಹಿಡಿಯಲ್ಲೊಂದು ಮೆತ್ತನೆಯ ಬ್ರಶ್. ಬ್ರಶ್ಶಿನ ತುದಿಗೆ ಅಂಟಿಕೊಂಡಿದ್ದು... ಜೇಡರ ಬಲೆ.

"ಓಹೋ... ಸೈರನ್ ಮೇಡಂ ನೀವೇನಾ?"

ತನಗೆ ಇಂಥದೊಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದೇ ಆಗ.

ಪ್ರವಾಹ ಮುನ್ನೆಚ್ಚರಿಕೆಯ ಕಂಟ್ರೋಲ್ ರೂಮಿನಲ್ಲಿ ಕೂತು ನದಿಯನ್ನು ನೋಡುವುದು ಅವಳ ಕೆಲಸ. ನೋಡುವುದೆಂದರೆ ನೀರನ್ನಲ್ಲ, ಪರದೆಯ ಮೇಲೆ ಓಡುವ ಒಂದು ಗೆರೆಯನ್ನು. ಸೇತುವೆಗೆ ಕಟ್ಟಿದ ಪೆಟ್ಟಿಗೆ ಕೆಳಗಿನ ನೀರಿಗೆ ಕಿವಿಗೆ ಕೇಳಿಸದ ಸದ್ದೊಂದನ್ನು ಕಳಿಸುತ್ತದೆ. ಸದ್ದು ಎಷ್ಟು ಬೇಗ ಮರಳಿತೋ ನೀರು ಅಷ್ಟು ಹತ್ತಿರ ಬಂದಿದೆ ಎಂದು ಲೆಕ್ಕ. ಗೆರೆ ಕೆಂಪು ಗುರುತನ್ನು ದಾಟಿದರೆ ನದಿಬೀದಿಯಲ್ಲಿ ಸೈರನ್ ಕೂಗುತ್ತದೆ, ಮನೆಮನೆಯ ಫೋನಿಗೂ ಸಂದೇಶ ಹೋಗುತ್ತದೆ.

"ಹೋದ ತಿಂಗಳು ಸೈರನ್ ಕೂಗ್ತಲ್ಲ, ನೀರೇ ಬರ್ಲಿಲ್ಲ... ನೆನಪಿದೆಯಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಗಾಬರೀಲಿ ಇಳಿಯೋಕೆ ಹೋಗಿ ನಮ್ಮಮ್ಮ ಮೆಟ್ಟಿಲ ಮೇಲೆ ಜಾರಿಬಿದ್ರು. ಈಗ ಕೋಲು ಹಿಡಿದು ಓಡಾಡ್ತಾರೆ. ಏನಾಗಿದೆ ಅಂತ ಮಾರನೇ ದಿನ ಇಲ್ಲಿ ಬಂದು ನೋಡಿದ್ರೆ, ಈ ಪೆಟ್ಟಿಗೆ ಬಾಯಿಗೆ ಜೇಡ ಬಲೆ ಕಟ್ಟಿತ್ತು. ನಿಮ್ಮ ಯಂತ್ರ ಅದನ್ನೇ ನೀರು ಅಂದ್ಕೊಂಡಿತ್ತು."

ಆಫೀಸಿನಲ್ಲಿ ಆ ದಿನವನ್ನು 'ತಾಂತ್ರಿಕ ದೋಷ' ಎಂದು ಬರೆದು ಮುಗಿಸಿದ್ದರು. ಆ ಎರಡು ಪದಗಳೊಳಗೆ ಒಬ್ಬ ಅಮ್ಮನ ಕೋಲು ಇತ್ತೆಂದು ಯಾರಿಗೆ ಗೊತ್ತಿತ್ತು?

"ಫೋನ್ ಮಾಡಿ ತಿಳಿಸಬಹುದಿತ್ತಲ್ಲ..."

"ಮಾಡ್ದೆ ಮೇಡಂ. ಸಂಗೀತ ಚೆನ್ನಾಗಿ ಕೇಳಿಸ್ತೀರಿ. ಮಾತಾಡೋರು ಮಾತ್ರ ಸಿಗಲ್ಲ."

ಯಾವ ಮಾತನ್ನೂ ಅಳೆದು ಸುರಿದು ಆಡುವವಳು ಆವತ್ತು ಮಾತ್ರ ಯೋಚಿಸದೆ ತನ್ನ ಸ್ವಂತ ನಂಬರು ಕೊಟ್ಟಳು.

"ಬ್ರಶ್ ಹಾಕೋ ಮುಂಚೆ ನನಗೊಂದು ಮೆಸೇಜ್ ಮಾಡಿ. ಆಗ ನಾನು ಸೈರನ್ ತಡೆದಿಡ್ತೀನಿ. ಮುಗಿದ ಮೇಲೆ ಇನ್ನೊಂದು ಮೆಸೇಜ್ ಮಾಡಿ, ಬಿಡ್ತೀನಿ. ಆದ್ರೆ... ದಿನಾ ಬರಬೇಕಾ?"

"ಜೇಡಕ್ಕೆ ರಜೆ ಇಲ್ಲ ಮೇಡಂ," ಎಂದ ಅವನು, ಮೊದಲ ಬಾರಿ ನಕ್ಕು.

ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ವೃತ್ತಿ. ನದಿಬೀದಿಯವರಿಗೆಲ್ಲ ಅವನು ಪೇಂಟರ್. ಅಂದಿನಿಂದ ಪ್ರತಿ ಸಾಯಂಕಾಲ ಅವಳ ಫೋನು ಮಿಣುಕುತ್ತಿತ್ತು. 'ಬಂದೆ.' ಸ್ವಲ್ಪ ಹೊತ್ತಿಗೆ, 'ಆಯ್ತು.'

ಆ ಎರಡರ ನಡುವೆ ಪರದೆಯ ಗೆರೆ ಚಿಮ್ಮಿ ಇಳಿಯುತ್ತಿತ್ತು. ಅದು ಅವನ ಕೈ! ಪೆಟ್ಟಿಗೆಯ ಕೆಳಗೆ ಕೈ ಅಡ್ಡ ಬಂದಾಗ ನದಿಯೇ ಸೇತುವೆಯವರೆಗೂ ಏರಿಬಂದಂತೆ ಕಾಣುತ್ತಿತ್ತು. ಒಂದು ದಿನ 'ಆಯ್ತು' ಬರುವ ಮುನ್ನ ಗೆರೆಯ ಮೇಲೆ ಬೇಕೆಂದೇ ಮಾಡಿದಂತಿದ್ದ ಎರಡು ಪುಟ್ಟ ದಿಬ್ಬಗಳು ಮೂಡಿದವು. ಮರುದಿನವೂ ಅಷ್ಟೇ... ಎರಡು.

ನಿಯಮದ ಪ್ರಕಾರ ಅವನ್ನು ಅಳಿಸಬೇಕಿತ್ತು. ಅವಳು ಅಳಿಸಲಿಲ್ಲ.

"ಏನೇ, ಫೋನ್ ನೋಡಿ ನಗೋದು ಯಾವಾಗಿಂದ ಶುರುವಾಯ್ತು?" ಮನೆಯಲ್ಲಿ ಅತ್ತಿಗೆ ಕೆಣಕಿದರು.

"ನದಿ ವಿಷಯ ಅತ್ತಿಗೆ."

"ಹೌದಾ? ನದಿ ನೋಡೋಕೆ ಹೇಗಿದಾನೆ?"

ಅವಳು ಕೆನ್ನೆ ಬಿಸಿಯಾಗಿ ಎದ್ದು ಹೋದಳು.

ಅವಳ ಬದುಕು ಬರಿಯ ಕಾವಲೇ ಆಗಿಬಿಟ್ಟಿತ್ತು. ಋತುಗಳು ಲೆಕ್ಕ ತಪ್ಪಿದ್ದವು. ಬೀಳಬಾರದ ಕಾಲದಲ್ಲಿ ಮಳೆ ಬೀಳುತ್ತಿತ್ತು, ಒಂದು ತಿಂಗಳದ್ದು ಒಂದೇ ದಿನ ಸುರಿಯುತ್ತಿತ್ತು. ಕಣ್ಣು ಮುಚ್ಚಿದರೂ ಗೆರೆಯೇ ಕಾಣುತ್ತಿತ್ತು. ಆ ಗೆರೆಯಲ್ಲಿ ಭಯವಿಲ್ಲದೆ ನೋಡಬಹುದಾದದ್ದು ಅವೆರಡೇ ದಿಬ್ಬಗಳು.

ಅದೇ ಅವಳನ್ನು ಮೋಸಗೊಳಿಸಿತು.

ಆ ಸಾಯಂಕಾಲ 'ಬಂದೆ' ಎಂದು ಸಂದೇಶ ಬಂತು. ಅವಳು ಸೈರನ್ ತಡೆದಿಟ್ಟಳು. ಗೆರೆ ಮೇಲೇರಿತು. ಅವನ ಕೈ ಎಂದುಕೊಂಡು ಅವಳು ನಕ್ಕಳು. ಗೆರೆ ಇಳಿಯಲಿಲ್ಲ. 'ಇವತ್ತು ಬಲೆ ಜಾಸ್ತಿ ಇರಬೇಕು ಪಾಪ' ಎಂದುಕೊಂಡು ಕಾದಳು...

ಅವನು ಸೇತುವೆಯ ಮೇಲೆ ಇರಲೇ ಇಲ್ಲ! ಸಂದೇಶ ಕಳಿಸಿದ ಕೂಡಲೇ, ಅಮ್ಮನಿಗೆ ತಲೆ ಸುತ್ತು ಬಂತೆಂದು ಪಕ್ಕದ ಮನೆಯವರು ಕೂಗಿದ್ದರು. ಬ್ರಶ್ಶನ್ನು ಜೇಬಿಗೆ ತುರುಕಿ, ಎಲ್ಲ ಮರೆತು ಅವನು ಮನೆಗೆ ಓಡಿದ್ದ. ಗೆರೆಯನ್ನು ಏರಿಸುತ್ತಿದ್ದದ್ದು ಮೇಲೆಲ್ಲೋ ಸುರಿದ ಮಳೆಯ ನಿಜವಾದ ನೀರು.

ನದಿಬೀದಿಯೊಳಗೆ ಮಂಡಿಯುದ್ದ ನೀರು ನುಗ್ಗಿದಾಗಲೂ ಸೈರನ್ ಬಾಯಿ ಬಿಡಲಿಲ್ಲ.

ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಹಾಸಿಗೆ, ಬಟ್ಟೆ, ಪಾತ್ರೆಗಳು ಕೆಸರಾದವು. ಅವನು ಬರೆದು ಒಣಗಲಿಟ್ಟಿದ್ದ ಬೋರ್ಡುಗಳು ತೇಲಿಹೋದವು.

"ಸೈರನ್ ತಡೆದಿಟ್ಟಿದ್ದು ಯಾರು?" ಮೇಲಧಿಕಾರಿ ಕೇಳಿದರು.

"ನಾನೇ ಸರ್."

"ಯಾರ ಮಾತು ಕೇಳಿ?"

ಅವನ ಹೆಸರು ಹೇಳಿದರೆ? ಸರ್ಕಾರಿ ಯಂತ್ರ ಮುಟ್ಟಿದ್ದಕ್ಕೆ ಅವನನ್ನು ಹಿಡಿದುಕೊಂಡು ಹೋಗುತ್ತಾರೆ. "ನನ್ನದೇ ನಿರ್ಧಾರ ಸರ್."

ಸೇತುವೆಯ ಮೇಲೆ ಒಬ್ಬನನ್ನು ನೋಡಿದ್ದೇವೆಂದು ಬೇರೆ ಯಾರೋ ಹೇಳಿದರು. 'ಅಪರಿಚಿತ ವ್ಯಕ್ತಿ'ಯ ಮೇಲೆ ಆಫೀಸಿನಿಂದಲೇ ದೂರು ಹೋಯಿತು. ಪೆಟ್ಟಿಗೆಗೆ ಕಬ್ಬಿಣದ ಪಂಜರ ಬಂತು. ಪಕ್ಕದಲ್ಲೊಂದು ಬೋರ್ಡು ಹಾಕಿಸಲು ಆದೇಶವಾಯಿತು. ಊರಿನಲ್ಲಿ ಬೋರ್ಡು ಬರೆಯುವವನು ಒಬ್ಬನೇ.

ಆವತ್ತು ಅವನಿಂದ ಬಂದ ಸಂದೇಶ: 'ಅಪರಿಚಿತರು ಮುಟ್ಟಬಾರದು ಅಂತ ಬರೆದುಕೊಟ್ಟೆ ಮೇಡಂ. ನಿಮ್ಮ ಆಫೀಸಿನ ಆರ್ಡರ್. ನಾನು ಅಪರಿಚಿತನಾ?'

ಅವಳು ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು... ತನಿಖೆಯವರು ಫೋನ್ ಕೇಳಿದರೆ? ತನ್ನ ಒಂದು ಮಾತಿನಿಂದ ಅವನು ಸಿಕ್ಕಿಬಿದ್ದರೆ? ಸುಮ್ಮನಿದ್ದರೆ ಅವನಿಗೆ ಕ್ಷೇಮ ಎಂದುಕೊಂಡು ಫೋನನ್ನು ಬೋರಲು ಹಾಕಿದಳು.

ಅವಳ ಮೌನವನ್ನೇ ಉತ್ತರ ಎಂದುಕೊಂಡು ಅವನೂ ಸುಮ್ಮನಾದ.

ವಾರಗಳು ಕಳೆದವು. ಸಾಯಂಕಾಲದ ಗೆರೆ ಚಪ್ಪಟೆಯಾಗಿತ್ತು. ಇಷ್ಟು ಚಪ್ಪಟೆ ಗೆರೆಯನ್ನು ಅವಳು ಆಸ್ಪತ್ರೆಯಲ್ಲಿ ಅಪ್ಪನ ಕೊನೆಯ ದಿನ ಮಾತ್ರ ನೋಡಿದ್ದಳು.

ಆಮೇಲೆ ಮಳೆ ಹಿಡಿಯಿತು. ಬಿಡದ ಮಳೆ. ಒಂದು ಬೆಳಿಗ್ಗೆ ಗೆರೆ ಮೆಲ್ಲಗೆ ತಲೆಯೆತ್ತಿತು.

"ಸರ್, ಏರ್ತಿದೆ!"

ಮೇಲಧಿಕಾರಿ ಹಣೆ ಒತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. "ಪಂಜರ ಹಾಕಿದ ಮೇಲೆ ಯಾರೂ ಕ್ಲೀನ್ ಮಾಡಿಲ್ಲಮ್ಮ. ಬಲೆ ಇದ್ರೂ ಇರಬಹುದು. ಇನ್ನೊಂದ್ಸಲ ಸುಳ್ಳಾದ್ರೆ ಆ ಬೀದಿಯವರು ಸೈರನ್ನೇ ಕಿತ್ತು ಬಿಸಾಕ್ತಾರೆ. ಜೀಪ್ ಕಳಿಸಿದೀನಿ, ನೋಡಿ ಹೇಳಲಿ."

ಜೀಪು ಮುರಿದುಬಿದ್ದ ಮರದ ಆಚೆ ಸಿಕ್ಕಿಕೊಂಡಿತ್ತು. ಬಲೆಯೋ? ನೀರೋ? ಪರದೆ ಅದನ್ನು ಹೇಳುತ್ತಿರಲಿಲ್ಲ. ಹೇಳಬಲ್ಲವನು ಒಬ್ಬನೇ.

ಅವನ ನಂಬರು ಒತ್ತಿದಳು.

"...ಹೇಳಿ."

"ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಒಂದ್ಸಲ ಸೇತುವೆಗೆ ಹೋಗಿ ನೋಡಿ ಹೇಳ್ತೀರಾ? ಬಲೆನಾ... ನೀರಾ?"

ಆ ಕಡೆ ಬಾಗಿಲು ತೆರೆದ ಸದ್ದು. ಮಳೆಯ ಸದ್ದು. ಓಟ. ಅವನ ಉಸಿರು ಅವಳ ಕಿವಿಯಲ್ಲೇ ಇತ್ತು.

"ಬಲೆ ಇದೆ," ಎಂದ ಅವನು.

ಗುಂಡಿಯ ಮೇಲಿಟ್ಟಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದಳು.

"ಆದ್ರೆ ಅದರ ಕೆಳಗೆ ನದೀನೂ ಇದೆ ಮೇಡಂ! ಬುಡಸಮೇತ ಮರ ತೇಲಿ ಬರ್ತಿದೆ... ಇಂಥ ನೀರು ನಾನು ಯಾವತ್ತೂ ನೋಡಿಲ್ಲ. ಕೂಗ್ಸಿ! ಈಗ್ಲೇ ಕೂಗ್ಸಿ!"

ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಗುಂಡಿ ಒತ್ತಿದಳು.

ಫೋನಿನಲ್ಲಿ ಸೈರನ್ ಕೇಳಿಸಿತು. ಆದರೆ ಬಾಗಿಲುಗಳು ತೆರೆದ ಸದ್ದು ಕೇಳಿಸಲಿಲ್ಲ. ಅವನು ಬೀದಿಗಿಳಿದು ಒಂದೊಂದೇ ಕದ ಬಡಿಯುತ್ತಿದ್ದ.

"ಹೋಗಯ್ಯಾ ಪೇಂಟರ್! ಮತ್ತೆ ಜೇಡ ಬಂದಿರಬೇಕು!" ಯಾರೋ ನಕ್ಕರು.

"ಆ ಸೈರನ್ನಿಗೆ ಬುದ್ಧಿ ಇಲ್ಲ, ನಿನಗೂ ಇಲ್ವಾ?"

"ಮೇಡಂ," ಅವನ ದನಿ ಒಡೆದಿತ್ತು, "ಸ್ಪೀಕರ್ ಹಾಕ್ತೀನಿ. ನೀವೇ ಹೇಳಿ."

ಮಾತು ಅಳೆಯಲು ಹೊತ್ತೆಲ್ಲಿತ್ತು?

"ನಾನು ಸೈರನ್ ಮೇಡಂ..." ಎಂದಳು. "ನನ್ನಿಂದ ನಿಮಗೆ ಎರಡು ಸಲ ಅನ್ಯಾಯ ಆಗಿದೆ. ಒಂದ್ಸಲ ಸುಮ್ಮನೆ ಕೂಗಿಸ್ದೆ. ಇನ್ನೊಂದ್ಸಲ ಕೂಗಿಸಬೇಕಾದಾಗ ಸುಮ್ಮನಿದ್ದೆ. ಅವತ್ತು ತಡೆದಿಟ್ಟಿದ್ದು ನಾನು. ನಿಮ್ಮ ಪೇಂಟರ್ ತಪ್ಪು ಅದರಲ್ಲಿ ಏನೂ ಇಲ್ಲ. ಅವರ ಮೇಲೆ ದೂರು ಕೊಟ್ಟಿದ್ದೂ ನಾನಲ್ಲ. ಅವರಿಗೆ ತೊಂದರೆ ಆಗಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ... ಇವತ್ತು ಸುಳ್ಳಾದ್ರೆ ನಾನೇ ನಿಮ್ಮ ಬೀದೀಲಿ ಬಂದು ನಿಲ್ತೀನಿ. ಮನಸ್ಸಿಗೆ ಬಂದಷ್ಟು ಬೈರಿ. ಆದ್ರೆ ಬೈಯೋಕಾದ್ರೂ ನೀವೆಲ್ಲ ಇರಬೇಕಲ್ವಾ? ದಯವಿಟ್ಟು ಹೊರಡಿ!"

ಆಮೇಲೆ ಅಳು ಬಂತು. ತಡೆಯಲಾಗಲಿಲ್ಲ.

ಆ ಕಡೆಯಿಂದ ಒಂದು ಮುದಿ ದನಿ.

"ಆ ಹುಡುಗಿ ಅಳ್ತಿದಾಳೆ ಕಣ್ರೋ. ಅವತ್ತು ಆ ಸೈರನ್ ಕೇಳಿ ಬಿದ್ದೋಳು ನಾನು. ನಾನೇ ನಂಬ್ತಿದೀನಿ, ನಿಮಗೇನು ಧಾಡಿ? ಮಗಾ, ನನ್ನ ಕೋಲು ಕೊಡು. ಮೊದಲು ನಾನು ಹೊರಡ್ತೀನಿ."

ಟಕ್... ಟಕ್... ಕೋಲಿನ ಸದ್ದು. ಅದರ ಹಿಂದೆ ಒಂದು ಬಾಗಿಲು. ಇನ್ನೊಂದು. ಮತ್ತೆ ಹತ್ತಾರು ಹೆಜ್ಜೆಗಳು.

"ಎಲ್ಲರೂ ಸೇತುವೆ ದಾಟಿ ಮೇಲಿನ ಶಾಲೆಗೆ ಹೋಗಿ!" ಅವನು ಕೂಗುತ್ತಿದ್ದ. "ಮೇಡಂ, ಕೊನೇ ಮನೆಯಲ್ಲಿ ಇನ್ನೂ ಯಾರೋ..."

ಕರೆ ಕಡಿಯಿತು. ಟವರ್ ಸತ್ತಿತ್ತು.

ಗೆರೆ ಕೆಂಪು ಗುರುತನ್ನು ದಾಟಿ ಮೇಲೆ ಹೋಯಿತು. ಈಗ ನದಿಬೀದಿ ನೀರಿನಡಿ ಇದೆ ಎಂದು ಅವಳಿಗೆ ಗೊತ್ತು. ಅವನು? ಆ ಕೊನೆಯ ಮನೆ? ಮತ್ತೆ ಮತ್ತೆ ನಂಬರು ಒತ್ತಿದಳು. ಏನೂ ಇಲ್ಲ. ಬಿಸಿಲಿದ್ದಾಗ ತುಂಬಿಕೊಂಡ ಬ್ಯಾಟರಿಯಿಂದ ಬದುಕಿದ್ದ ಆ ಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ತಾನು ರೇಡಿಯೋದಲ್ಲಿ ಲೆಕ್ಕ ಕಳಿಸುತ್ತಿತ್ತು.

'ನಾನು ಕರೆಯದಿದ್ದರೆ ಅವನು ಅಮ್ಮನ ಜೊತೆ ಮೊದಲೇ ದಾಟಿರುತ್ತಿದ್ದ... ನಾನೇ ಕಳಿಸಿದೆ... ನಾನೇ...'

ಇದ್ದಕ್ಕಿದ್ದಂತೆ ಗೆರೆ ತುಸು ತಗ್ಗಿ ನೇರವಾಯಿತು. ಯಾರೋ ಬಲೆ ಬಿಡಿಸಿದಂತೆ!

ಅವಳು ಕುರ್ಚಿಯಿಂದ ಎದ್ದು ನಿಂತಳು.

ಗೆರೆಯ ಮೇಲೆ ಒಂದು ಪುಟ್ಟ ದಿಬ್ಬ ಎದ್ದಿತು.

ಪಕ್ಕದಲ್ಲೇ... ಇನ್ನೊಂದು.

"ಏನಮ್ಮಾ ಅದು? ಯಂತ್ರ ಕೆಡ್ತಾ?" ಮೇಲಧಿಕಾರಿ ಬಗ್ಗಿ ನೋಡಿದರು. "ಅಳಿಸಿಬಿಡು ಅದನ್ನ."

"ಇಲ್ಲ ಸರ್..." ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. "ಅದು ಅವರು. ಬದುಕಿದಾರೆ ಸರ್... ಬದುಕಿದಾರೆ!"

ನೀರು ಇಳಿಯತೊಡಗಿದ ಮೇಲೆ, ರಸ್ತೆ ತೆರೆದ ಸಾಯಂಕಾಲ, ಅವಳು ಸೇತುವೆಗೆ ಹೋದಳು.

ಕೆಳಗೆ ಬೀದಿಯ ಮನೆಗಳು ಸೂರಿನವರೆಗೂ ಕೆಸರು ಬಳಿದುಕೊಂಡು ನಿಂತಿದ್ದವು. ಕೆಲವು ನಿಂತಿರಲಿಲ್ಲ. ಆದರೆ ಮೇಲಿನ ಶಾಲೆಯಲ್ಲಿ ಹೆಸರು ಕರೆದಾಗ ಒಬ್ಬೊಬ್ಬರೂ 'ಇದೀನಿ' ಎಂದಿದ್ದರು.

ಅವನು ಕಂಬಿಗೆ ಒರಗಿ ನಿಂತಿದ್ದ. ಅಂಗೈಗೆ ಬಟ್ಟೆ ಸುತ್ತಿತ್ತು. ಪಂಜರದ ಸಂದಿಯಲ್ಲಿ ಬ್ರಶ್ ತೂರಿಸುವಾಗ ಕಬ್ಬಿಣ ಗೀರಿತ್ತು.

"ಮನೆ ಹೋಯ್ತಾ?" ಎಂದಳು.

"ಗೋಡೆ ಇದೆ. ಅಮ್ಮ ಇದಾರೆ. ನಿಮ್ಮನ್ನ ಕರ್ಕೊಂಡು ಬಾ ಅಂದಿದಾರೆ. ಬೈಯೋಕಂತೆ."

ಅವಳು ನಗಲು ಹೋದಳು, ಕಣ್ಣು ತುಂಬಿ ಬಂತು. "ನಾನು ಉತ್ತರ ಕೊಡಬೇಕಿತ್ತು. ಆವತ್ತೇ ಕೊಡಬೇಕಿತ್ತು."

"ನಾನೂ ಬಂದು ಕೇಳಬೇಕಿತ್ತು. 'ಬಂದೆ' ಅಂತ ಹೇಳಿ, 'ಆಯ್ತು' ಅನ್ನದೇ ಹೋದವನು ನಾನೇ ಅಲ್ವಾ?" ಅವನು ತಲೆ ತಗ್ಗಿಸಿದ. "ಆ ಬೋರ್ಡಲ್ಲಿ ಒಂದು ಪದ ಬರೆಯೋಕೆ ಅವತ್ತು ಕೈಯೇ ಬರ್ಲಿಲ್ಲ."

ಇಬ್ಬರೂ ಬೋರ್ಡಿನ ಕಡೆ ನೋಡಿದರು. ಪ್ರವಾಹಕ್ಕೂ ಅದು ಜಗ್ಗಿರಲಿಲ್ಲ.

"ದಿನಾ ಎರಡು ಸಲ ಯಾಕೆ ಕೈ ಆಡಿಸ್ತಿದ್ರಿ?"

"ಒಂದೇ ಆದ್ರೆ ಜೇಡ ಅಂದ್ಕೋತೀರಿ. ಎರಡು ಅಂದ್ರೆ, ಇಲ್ಲೊಬ್ಬ ನಿಮ್ಮನ್ನ ನೆನೆಸ್ಕೊಂಡು ನಿಂತಿದಾನೆ ಅಂತ ಗೊತ್ತಾಗ್ಲಿ ಅಂತ."

ಅವಳು ಫೋನ್ ತೆಗೆದು ತೋರಿಸಿದಳು. ಸಾಯಂಕಾಲದ ಮೇಲೆ ಸಾಯಂಕಾಲ, ಒಂದೂ ಅಳಿಸದ ಜೋಡಿ ದಿಬ್ಬಗಳು. ಅವನು ಒಂದೊಂದನ್ನೇ ಬೆರಳಿಂದ ಸರಿಸುತ್ತಾ ನೋಡಿದ.

"ಈ ಬೋರ್ಡು ತೆಗೆಸೋಣ್ವಾ?" ಕೇಳಿದ ಮೆಲ್ಲಗೆ.

"ಬೇಡ, ಇರಲಿ. ಅದು ಅಪರಿಚಿತರಿಗೆ ತಾನೇ?"

"ಮತ್ತೆ ನಾನು?"

ಅವಳು ಬಟ್ಟೆ ಸುತ್ತಿದ ಆ ಅಂಗೈಯನ್ನು ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡಳು. ಈ ಸಲ ಮಾತನ್ನು ಅಳೆಯಲಿಲ್ಲ.

"ನನ್ನವರು."

ಕೆಳಗೆ ನದಿ ಕೆಂಪಗೆ, ದಣಿದು ಹರಿಯುತ್ತಿತ್ತು. ಪಂಜರದ ಮೂಲೆಯಲ್ಲಿ ಒಂದು ಜೇಡ ಆಗಲೇ ಹೊಸ ಎಳೆ ಇಳಿಬಿಡುತ್ತಿತ್ತು.

"ನಾಳೆ ಸಾಯಂಕಾಲ ಬರಬೇಕು ಹಾಗಾದ್ರೆ," ಎಂದ ಅವನು.

"ಬರೋಣ," ಎಂದಳು ಅವಳು.