ಜಿಂಕೆಯ ಕಣ್ಣುಗುಳಿ

ಮಡದಿ ತೀರಿಕೊಂಡ ತಿಂಗಳಿಗೆ ನಾನು ಕಾಲೇಜಿನ ತಲೆಬುರುಡೆಗಳ ಕೋಣೆಗೆ ಕೆಲಸಕ್ಕೆ ಮರಳಿದೆ. ನಾನು ಅಳೆದು ಹೇಳುವುದು, ಅವಳು ಬರೆದುಕೊಳ್ಳುವುದು ನಮ್ಮ ಪದ್ಧತಿಯಾಗಿತ್ತು.

ಅಂದು ಮಧ್ಯಾಹ್ನ ಹೊರಗೆ ಹೋಗಲೆಂದು ಎಳೆದರೆ ಬಾಗಿಲು ತೆರೆಯಲೇ ಇಲ್ಲ. ಹೊರಗಿನಿಂದ ಜವಾನ ಕೂಗಿದ: “ಯಜಮಾನ್ರೇ, ಬೀಗ ತೆಗ್ದಿದೀನಿ. ಒಳಗಿಂದ ಯಾರೋ ಒತ್ತಿ ಹಿಡ್ಕೊಂಡಿದಾರೆ. ಬುರುಡೆಗಳ ಜೊತೆ ಸಂಸಾರ ಹೂಡಿದ್ರಾ?”

ಒಳಗೆ ನಾನೊಬ್ಬನೇ ಇದ್ದೆ. ಭಯ ಮರೆಯಲೆಂದು ಜಿಂಕೆಯ ಬುರುಡೆ ಎತ್ತಿಕೊಂಡೆ. ಅದು ಬೆಚ್ಚಗಿತ್ತು. ಹಿಂದಿನಿಂದ ಬರುವ ಹುಲಿಯೂ ಕಾಣುವಂತೆ ಜಿಂಕೆಯ ಕಣ್ಣು ಪಕ್ಕದಲ್ಲಿರುತ್ತದೆ. ಬೇಟೆಯಾಡುವ ಹುಲಿಯದೂ ಮನುಷ್ಯರದೂ ಮುಂದೆ. ಕಣ್ಣುಗುಳಿಗಳ ನಡುವೆ ಒಂಬತ್ತು ಸೆಂಟಿಮೀಟರ್ ಇತ್ತು. ಮತ್ತೆ ಅಳೆದರೆ ಏಳು. ಮೂರನೆಯ ಸಲ ಐದು. ದೇವರ ನಾಮ ಹೇಳುತ್ತಾ ಕೆಳಗಿಟ್ಟೆ. ಆಗ ಬಾಗಿಲು ಸಡಿಲವಾಯಿತು.

ಬುರುಡೆ ಇಂದಿಗೂ ಅಲ್ಲೇ ಇದೆ. ಹಲ್ಲುಗಳು ಹುಲ್ಲು ಅರೆಯುವಂಥವೇ. ಕಣ್ಣುಗುಳಿಗಳೆರಡೂ ನೇರ ಮುಂದಕ್ಕಿವೆ.